ದಪ್ಪ ತಂತಿಯ ಸುತ್ತ ಹಬ್ಬಿದ ಮಾತುಗಳು

ಜನವರಿಯಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ, ಅದರ ಬೆನ್ನಿಗೇ ಹಳ್ಳಿಹಳ್ಳಿಯ ಜಾತ್ರೆಗಳು, ಬೇಸಿಗೆಯ ಮದುವೆ, ಭಾದ್ರಪದದ ಗಣಪತಿ, ಆಮೇಲೆ ನವರಾತ್ರಿ. ಸೊಲ್ಲಾಪುರ–ಅಕ್ಕಲಕೋಟ ಸೀಮೆಯ ಆರ್ಕೆಸ್ಟ್ರಾ ಹುಡುಗರ ವರ್ಷ ಹೀಗೆ ಸುಪಾರಿಯಿಂದ ಸುಪಾರಿಗೆ, ಅಂದರೆ ಗೊತ್ತಾದ ಒಂದು ಕಾರ್ಯಕ್ರಮದಿಂದ ಇನ್ನೊಂದಕ್ಕೆ, ಸಾಗುತ್ತದೆ. ಒಂದೇ ರಾತ್ರಿಯಲ್ಲಿ ಮರಾಠಿ ಲಾವಣಿ, ಕನ್ನಡ ಜಾನಪದ, ಹಿಂದಿ ಸಿನಿಮಾ ಹಾಡು. ಸೊಲ್ಲಾಪುರದ ಪೂರ್ವಭಾಗದಲ್ಲಾದರೆ ಪದ್ಮಶಾಲಿ ಮನೆಯವರು ಕೇಳುವ ತೆಲುಗು ಹಾಡು. ವೇದಿಕೆಯ ಮೇಲೆ ಇಬ್ಬರು ಗಾಯಕರು, ಒಂದು ಕೀಬೋರ್ಡ್, ಒಂದು ಆಕ್ಟೋಪ್ಯಾಡ್, ಢೋಲಕಿ. ಬೇಸ್ ಗಿಟಾರಿನವನು ಇದ್ದರೆ ಉಂಟು, ಇಲ್ಲದಿದ್ದರೂ ಕಾರ್ಯಕ್ರಮ ನಡೆದುಹೋಗುತ್ತದೆ.

ಅವನು ಇಲ್ಲದಿರುವುದಕ್ಕೆ ಹಣವೊಂದೇ ಕಾರಣವಲ್ಲ. ಬೇಸ್ ಬಗ್ಗೆ ಒಬ್ಬರ ಬಾಯಿಂದ ಒಬ್ಬರಿಗೆ ದಾಟಿಕೊಂಡು ಬಂದ ಹಲವು ಮಾತುಗಳಿವೆ. ಮೈಕ್‌ನವನು ಒಂದು ಹೇಳುತ್ತಾನೆ, ಅಂಗಡಿಯವನು ಇನ್ನೊಂದು, ತಂಡದ ಹಿರಿಯ ಮತ್ತೊಂದು. ನಾಗಣಸೂರಿನಲ್ಲೋ ಮೈಂದರ್ಗಿಯಲ್ಲೋ ದುಧನಿಯಲ್ಲೋ ದಪ್ಪ ತಂತಿಯ ಗಿಟಾರ್ ಹಿಡಿಯುವ ಆಸೆ ಹೊತ್ತ ಹುಡುಗ ಅಥವಾ ಹುಡುಗಿ ಇವೆಲ್ಲವನ್ನೂ ಕೇಳಿ ಹಿಂದೆ ಸರಿಯುವುದುಂಟು, ಇಲ್ಲವೇ ಬೇಡದ್ದಕ್ಕೆ ಹಣ ಸುರಿಯುವುದುಂಟು. ಬೇಸ್ ಎಂದರೆ ತಂಡದ ಸ್ವರಕ್ಕೂ ಲಯಕ್ಕೂ ಇರುವ ಗಂಟು. ಅದರ ಸಲಕರಣೆಯನ್ನು ನಾವು ನುಡಿಸುವ ಜಾಗ ನೋಡಿ ಕೊಳ್ಳಬೇಕು. ಈ ಎರಡು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಬರೆದಿದ್ದೇನೆ.

ತಪ್ಪು ಕಲ್ಪನೆ: “ಡಾಲ್ಬಿ ಐತಲ್ಲ, ಮತ್ತ ಬೇಸ್ ಗಿಟಾರ್ ಯಾಕ?”

ಎದೆ ನಡುಗಿಸುವ ಸ್ಪೀಕರ್ ಸಾಲಿಗೆ ಈ ಕಡೆ ಡಾಲ್ಬಿ ಎನ್ನುತ್ತಾರೆ. ಅದರಲ್ಲಿ ಬರುವ ಧಮ್ ಎಂಬ ಸದ್ದು ಮೈಗೆ ತಾಗುತ್ತದೆ, ನಿಜ. ಆದರೆ ಆ ಸದ್ದು ಯಾವ ಸ್ವರ ಎಂದು ಕೇಳಿದರೆ ಉತ್ತರವಿಲ್ಲ. ಬೇಸ್ ಗಿಟಾರಿನ ಕೆಲಸ ಸ್ವರ ಹೇಳುವುದು. ಅದರ ನಾಲ್ಕು ಬಿಡಿ ತಂತಿಗಳು ಕೆಳಗಿನಿಂದ ಮೇಲಕ್ಕೆ ಸುಮಾರು 41, 55, 73 ಮತ್ತು 98 ಹರ್ಟ್ಸ್‌ನಲ್ಲಿ ಕಂಪಿಸುತ್ತವೆ. ಪ್ರತಿ ಹೊಡೆತಕ್ಕೂ ಒಂದು ನಿಶ್ಚಿತ ಸ್ವರಸ್ಥಾನವಿದೆ, ಅದರ ಜೊತೆಗೆ ಮೇಲೆ ಮೇಲೆ ಹುಟ್ಟುವ ಉಪಸ್ವರಗಳ ಸಾಲೂ ಇದೆ. ಗಾಯಕ ತನ್ನ ಷಡ್ಜವನ್ನು ಅಳೆದುಕೊಳ್ಳುವುದು ಇದರ ಮೇಲೆ. ತಂಬೂರಿಯಲ್ಲಿ ಖರ್ಜದ ತಂತಿ ಮಾಡುವ ಕೆಲಸವನ್ನೇ ಗದ್ದಲದ ವೇದಿಕೆಯಲ್ಲಿ ಬೇಸ್ ಮಾಡುತ್ತದೆ. ಮಿರಜಿನ ತಂಬೂರಿ ತಯಾರಕರ ಮನೆಗಳಲ್ಲಿ ಖರ್ಜ ನೆಟ್ಟಗೆ ಕೂರುವ ತನಕ ಜವಾರಿ ತಿದ್ದುವುದನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ನಮ್ಮದೇ ಜಿಲ್ಲೆಯ ಉದಾಹರಣೆ ಕೊಡುತ್ತೇನೆ. ಕರಮಾಳಾ ತಾಲೂಕಿನಲ್ಲಿ ಚಿತ್ರೀಕರಣವಾದ ‘ಸೈರಾಟ್’ 2016ರಲ್ಲಿ ಬಂತು. ಮರುವರ್ಷ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಯಿತು. ‘ಸೈರಾಟ್’ನ ‘ಝಿಂಗಾಟ್’ ಹಾಡು ಡಾಲ್ಬಿಯಲ್ಲಿ ಮೊಳಗಿದ್ದನ್ನು ಜನ ನೆನಪಿಟ್ಟಿದ್ದಾರೆ. ಆದರೆ ಸಂಗೀತ ನಿರ್ದೇಶಕರಾದ ಅಜಯ್–ಅತುಲ್ ಅದೇ ಚಿತ್ರದ ಸಂಗೀತಕ್ಕಾಗಿ ಲಾಸ್ ಏಂಜಲೀಸ್‌ನಲ್ಲಿ ಸಿಂಫನಿ ವಾದ್ಯವೃಂದವನ್ನು ಕೂರಿಸಿ ಧ್ವನಿಮುದ್ರಣ ಮಾಡಿಸಿದರು. ಅಂಥ ವೃಂದದಲ್ಲಿ ಕೆಳಗಿನ ಸ್ವರಗಳನ್ನು ಹೊರುವವರು ಡಬಲ್ ಬೇಸ್‌ನವರು. ಆ ಚಿತ್ರದ ಮೆಲುಹಾಡುಗಳನ್ನು ಐದು ಜನರ ತಂಡ ವೇದಿಕೆಗೆ ತಂದಾಗ ಅವರೆಲ್ಲರ ಹೊರೆ ಒಬ್ಬ ಬೇಸ್‌ನವನ ಮೇಲೆ ಬೀಳುತ್ತದೆ. ಅವನಿಲ್ಲದಿದ್ದರೆ ಹಾಡು ತೆಳ್ಳಗಾಗುತ್ತದೆ. ಕೇಳುಗರಿಗೆ ಕಾರಣ ತಿಳಿಯುವುದಿಲ್ಲ. “ಇವತ್ತ ಹಾಡು ಕೂಡಲಿಲ್ಲ” ಎಂದಷ್ಟೇ ಹೇಳಿ ಏಳುತ್ತಾರೆ.

ತಪ್ಪು ಕಲ್ಪನೆ: “ಕೀಬೋರ್ಡಿನವನ ಎಡಗೈ ಸಾಕು”

ಇದನ್ನು ಒಮ್ಮೆಲೇ ಸುಳ್ಳು ಎನ್ನಲಾರೆ. ಎಡಗೈಯಲ್ಲಿ ಚೆನ್ನಾಗಿ ಬೇಸ್ ನುಡಿಸುವ ಕೀಬೋರ್ಡ್ ಕಲಾವಿದರು ಈ ಭಾಗದಲ್ಲಿದ್ದಾರೆ. ಸುಪಾರಿಯ ಹಣ ಐವರಿಗೆ ಹಂಚಿದರೇ ಸಾಲದು, ಆರನೆಯವನನ್ನು ಎಲ್ಲಿಂದ ತರೋಣ ಎಂಬ ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಹೆಚ್ಚಿನ ವೇಳೆ ಎಡಗೈ ಒತ್ತುವುದು ಸ್ಟೈಲ್ ಎಂಬ ಸಿದ್ಧ ನಡೆಯನ್ನು. ಒಂದು ಕಾರ್ಡ್ ಹಿಡಿದರೆ ಯಂತ್ರ ತಾನೇ ಬೇಸ್ ನಡೆಸುತ್ತದೆ. ಆ ನಡೆಗೆ ಢೋಲಕಿಯವನು ಏನು ನುಡಿಸುತ್ತಿದ್ದಾನೆಂಬುದು ಗೊತ್ತಿಲ್ಲ. ಗಾಯಕಿ ಒಂದು ಸಾಲನ್ನು ಎಳೆದು ನಿಲ್ಲಿಸಿದಾಗ ಯಂತ್ರ ನಿಲ್ಲುವುದಿಲ್ಲ.

ಕೆಹರವಾ ತಾಳವನ್ನೇ ತೆಗೆದುಕೊಳ್ಳಿ. ಧಾ ಗೆ ನ ತಿ ನ ಕ ಧಿ ನ: ಎಂಟು ಮಾತ್ರೆ. ಇದರಲ್ಲಿ ತಬಲಾದ ಡಗ್ಗಾ ತೆರೆದು ಗುಂಯ್‌ಗುಡುವುದು ಒಂದು, ಎರಡು ಮತ್ತು ಏಳನೆಯ ಮಾತ್ರೆಯಲ್ಲಿ. ನಡುವೆ ಖಾಲಿ. ಬೇಸ್ ನುಡಿಸುವವನು ಸಮದ ಮೇಲೆ ಗಟ್ಟಿಯಾಗಿ ಕೂತು, ಏಳನೆಯ ಧಿಗೆ ಡಗ್ಗಾದ ಜೊತೆ ಎದ್ದು, ಖಾಲಿಯಲ್ಲಿ ತಂತಿಯನ್ನು ಅಂಗೈಯಿಂದ ಮುಚ್ಚಿದನೆಂದರೆ ಹಾಡಿಗೆ ತೂಗಾಟ ಬರುತ್ತದೆ. ಖಾಲಿಯಲ್ಲೂ ಗುಂಯ್ ಎಂದು ಎಳೆದರೆ ತಬಲಾದವನು ಕಟ್ಟಿದ್ದೆಲ್ಲ ಕೆಸರಾಗುತ್ತದೆ. ಈ ಮಾತುಕತೆ ಇಬ್ಬರು ಮನುಷ್ಯರ ನಡುವೆ, ಕಣ್ಣಲ್ಲಿ ಕಣ್ಣಿಟ್ಟು ಆಗುವಂಥದ್ದು.

ಇಲ್ಲೇ ಒಂದು ಎಚ್ಚರಿಕೆಯ ಮಾತು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ. ಗಾಯಕ ಕರಿ ಎರಡು (ಎರಡನೆಯ ಕಪ್ಪು ಮನೆ) ಎಂದರೆ ಗುಂಡಿ ಒತ್ತಿ ಬೆರಳನ್ನು ಬಿಳಿ ಒಂದರ ಮೇಲೇ ಇಟ್ಟು ನುಡಿಸುವವರಿದ್ದಾರೆ. ಬೇಸ್‌ಗೆ ಅಂಥ ಗುಂಡಿಯಿಲ್ಲ. ಕೀಬೋರ್ಡಿನವನ ಬೆರಳು ನೋಡಿ ಸ್ವರ ಹಿಡಿಯಲು ಹೋದ ಹೊಸ ಬೇಸ್‌ನವನು ಕಾಣುವುದು ಒಂದು ಸ್ವರ, ಕೇಳುವುದು ಇನ್ನೊಂದು. ಬೆರಳನ್ನು ನಂಬದೆ ಕಿವಿಯನ್ನು ನಂಬಬೇಕು. ಹಾಡಿಗೆ ಮುಂಚೆ ‘ಪಟ್ಟಿ ಯಾವುದು’, ಅಂದರೆ ಷಡ್ಜ ಯಾವ ಮನೆಯಲ್ಲಿ ಎಂದು ಗಾಯಕನನ್ನೇ ಕೇಳಬೇಕು.

ತಪ್ಪು ಕಲ್ಪನೆ: “ನಾಲ್ಕೇ ತಂತಿ, ಗಿಟಾರ್ ಬರದವನಿಗೆ ಬೇಸ್ ಕೊಡು”

ತಂಡಗಳಲ್ಲಿ ಬೇಸ್‌ನವನ ಮರ್ಯಾದೆ ಕಳೆದದ್ದು ಈ ಮಾತಿನಿಂದ. ಕಾರ್ಡ್ ನುಡಿಸುವವನು ಸಿ ಮೇಜರ್ ಹಿಡಿದಾಗ ಬೇಸ್‌ನವನು ಸಿ ಬಿಟ್ಟು ಎ ನುಡಿಸಿದನೆನ್ನಿ. ಕೇಳುಗನ ಕಿವಿಗೆ ಅದು ಎ ಮೈನರ್ ಸೆವೆಂತ್ ಆಗಿಬಿಡುತ್ತದೆ. ಮೇಲಿನವರು ಏನನ್ನೂ ಬದಲಿಸದೆ ಹಾಡಿನ ಭಾವವೇ ತಿರುಗುತ್ತದೆ. ಲೀಡ್ ಗಿಟಾರಿನವನ ಒಂದು ತಪ್ಪು ಗಾಳಿಯಲ್ಲಿ ಹೋಗುತ್ತದೆ, ಬೇಸ್‌ನವನ ತಪ್ಪು ತಂಡವನ್ನೇ ತಪ್ಪಾಗಿಸುತ್ತದೆ. ಇಷ್ಟು ಅಧಿಕಾರವಿರುವ ವಾದ್ಯವನ್ನು ಯಾರಿಗೆ ಬೇಕಾದರೂ ಕೊಡುವುದು ಸರಿಯಲ್ಲ.

ಸ್ವರ ಹಿಡಿಯುವುದಕ್ಕಿಂತ ಕಷ್ಟದ್ದು ಸ್ವರ ನಿಲ್ಲಿಸುವುದು. ಒಂದು ತಂತಿ ನುಡಿಸುವಾಗ ಉಳಿದ ಮೂರು ತಾವಾಗಿಯೇ ಗುನುಗುತ್ತವೆ. ಅವನ್ನು ಎಡಗೈಯ ಬಿಡುವಾದ ಬೆರಳು, ಬಲಗೈಯ ಹೆಬ್ಬೆರಳಿನಿಂದ ಅದುಮಿ ಇಡುವುದನ್ನು ಕಲಿಯಲು ತಿಂಗಳುಗಳು ಬೇಕು. ಚಿಕ್ಕ ಕೋಣೆಯಲ್ಲಿ ಗೊತ್ತಾಗದ ಈ ದೋಷ ದೊಡ್ಡ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳುತ್ತದೆ.

ತಪ್ಪು ಕಲ್ಪನೆ: “ಐದು ತಂತಿ ಇಲ್ಲದಿದ್ದರೆ ಈಗಿನ ಹಾಡು ಬರುವುದಿಲ್ಲ”

ನಾಲ್ಕು ತಂತಿಯ ಬೇಸ್‌ನ ತಳದ ಸ್ವರ ಬಿಳಿ ಮೂರು, ಅಂದರೆ 41 ಹರ್ಟ್ಸ್‌ನ ಇ. ಐದನೆಯ ತಂತಿ ಸೇರಿದರೆ ಬಿಳಿ ಏಳರ ತನಕ, ಸುಮಾರು 31 ಹರ್ಟ್ಸ್‌ಗೆ ಇಳಿಯಬಹುದು. ಗಾಯಕ ಕರಿ ಎರಡರಲ್ಲಿ ಹಾಡುತ್ತಾನೆಂದುಕೊಳ್ಳಿ. ನಾಲ್ಕು ತಂತಿಯಲ್ಲಿ ಅವನ ಷಡ್ಜ ಎ ತಂತಿಯ ಆರನೆಯ ಫ್ರೆಟ್‌ನಲ್ಲಿ ಸಿಗುತ್ತದೆ, ಸುಮಾರು 78 ಹರ್ಟ್ಸ್. ಐದು ತಂತಿಯಲ್ಲಿ ಬಿ ತಂತಿಯ ನಾಲ್ಕನೆಯ ಫ್ರೆಟ್‌ನಲ್ಲಿ ಅದರ ಅರ್ಧ, 39 ಹರ್ಟ್ಸ್ ಸಿಗುತ್ತದೆ. ಲೆಕ್ಕಕ್ಕೆ ಇದು ಆಕರ್ಷಕ. ಆದರೆ ಹಳ್ಳಿಯ ಜಾತ್ರೆಗೆ ಬರುವ ಸಾಮಾನ್ಯ ಸ್ಪೀಕರ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು 50 ಹರ್ಟ್ಸ್ ಆಸುಪಾಸಿನಿಂದ ಕೆಳಗೆ ಸೊರಗುತ್ತವೆ. ಆ ಆಳ ಜನರ ಕಿವಿಗೆ ನೇರವಾಗಿ ಮುಟ್ಟುವುದೇ ಇಲ್ಲ. ಉಪಸ್ವರಗಳನ್ನು ಕೇಳಿ ನಮ್ಮ ಮೆದುಳು ತಳದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ.

ಐದನೆಯ ತಂತಿಯ ನಿಜವಾದ ಲಾಭ ಬೇರೆ ಕಡೆ ಇದೆ. ಒಂದೇ ರಾತ್ರಿ ಹತ್ತಾರು ಪಟ್ಟಿ ಬದಲಾಗುವಾಗ, ಬಿಡಿ ತಂತಿಯನ್ನು ನೆಚ್ಚದೆ ಕೈಯನ್ನು ಒಂದೇ ಜಾಗದಲ್ಲಿಟ್ಟು ನುಡಿಸಲು ಅದು ಅನುಕೂಲ. ಅಷ್ಟಕ್ಕಾಗಿ ಅಗಲವಾದ ಕುತ್ತಿಗೆ, ಹೆಚ್ಚಿನ ತೂಕ, ದುಬಾರಿ ತಂತಿ ಒಪ್ಪಿಕೊಳ್ಳಬೇಕು. ಮೊದಲ ವಾದ್ಯ ನಾಲ್ಕು ತಂತಿಯದೇ ಇರಲಿ ಎನ್ನುತ್ತೇನೆ. ಬಿಳಿ ಎರಡರ ಹಾಡಿಗೆ ಆಳ ಬೇಕೆನಿಸಿದರೆ ಇ ತಂತಿಯನ್ನು ಡಿಗೆ ಇಳಿಸಿಕೊಂಡರಾಯಿತು.

ತಪ್ಪು ಕಲ್ಪನೆ: “ನಮ್ಮ ಪದ, ಭಜನೆಗೆ ಬೇಸ್ ಒಗ್ಗೋದಿಲ್ಲ”

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವ ಮಾತು ಇದು. ಅಕ್ಕಲಕೋಟ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಭಜನಾ ಮಂಡಳಿಗಳು ಉಸಿರಾಡುತ್ತಿವೆ. ತತ್ವಪದ ಹಾಡುವ ಕಂಠಗಳಿವೆ. ಏಕತಾರಿಯ ಒಂದೇ ಸ್ವರದ ಮೇಲೆ ಇಡೀ ಪದ ನಿಲ್ಲುತ್ತದೆ. ಅಂದರೆ ಕೆಳಗೆ ಒಂದು ಸ್ಥಿರ ಸ್ವರ ಬೇಕೆಂಬುದು ನಮ್ಮ ಹಾಡಿಕೆಗೆ ಹೊರಗಿನಿಂದ ಬಂದ ವಿಚಾರವಲ್ಲ. ತುಳಜಾಪುರದ ಅಂಬಾಭವಾನಿಯ ಗೊಂದಲ ಎಂಬ ಆಚರಣೆಯಲ್ಲಿ ಸಂಬಳ ವಾದ್ಯದ ಜೋಡಿಯಲ್ಲೂ ಒಂದು ಮೇಲಿನ ದನಿಯದು, ಇನ್ನೊಂದು ತಗ್ಗಿನ ದನಿಯದು.

ಒಗ್ಗದೆ ಹೋಗುವುದು ಬೇಸ್‌ನವನು ಸಿನಿಮಾ ಹಾಡಿನ ಅಭ್ಯಾಸವನ್ನು ಹಾಗೇ ತಂದು ಹೇರಿದಾಗ. ಷಡ್ಜ–ಪಂಚಮ, ಷಡ್ಜ–ಪಂಚಮ ಎಂದು ಕಣ್ಣುಮುಚ್ಚಿ ನುಡಿಸುವ ಚಾಳಿ ಬಹಳ ಜನರಿಗಿದೆ. ಮಾಲಕಂಸದ ಭಜನೆಯಲ್ಲಿ ಹೀಗೆ ಮಾಡಿದರೆ ರಾಗ ಸತ್ತಿತು, ಏಕೆಂದರೆ ಮಾಲಕಂಸದಲ್ಲಿ ಪಂಚಮವೇ ಇಲ್ಲ. ತಂಬೂರಿಯನ್ನು ಅಲ್ಲಿ ಮಧ್ಯಮಕ್ಕೆ ಕೂಡಿಸುತ್ತಾರೆ. ಬೇಸ್ ಕೂಡ ಷಡ್ಜ–ಮಧ್ಯಮದಲ್ಲೇ ಇರಬೇಕು. ಭೈರವಿಯಲ್ಲಿ ಮುಗಿಸುವ ಪದಕ್ಕೆ ಶುದ್ಧ ರಿಷಭವನ್ನು ಸುಮ್ಮನೆ ದಾರಿಯಲ್ಲಿ ಮುಟ್ಟಿ ಹೋದರೂ ಹಿರಿಯ ಭಜನಿಗರ ಮುಖ ಕಿವುಚುತ್ತದೆ, ಕಿವುಚಬೇಕು ಕೂಡ. ಹಾಡಿನ ರಾಗ ಯಾವುದೆಂದು ಹಾರ್ಮೋನಿಯಂ ಪೆಟ್ಟಿಗೆ ನುಡಿಸುವ ಕಾಕಾನನ್ನು ಮುಂಚೆಯೇ ಕೇಳಿ ತಿಳಿದುಕೊಂಡವನ ಬೇಸ್ ಭಜನೆಗೆ ಭಾರವಾಗುವುದಿಲ್ಲ.

ಇನ್ನು ವಾದ್ಯಗಳ ಜಾಗ. ಹಲಗಿಯ ದನಿ ಮೇಲಿನದು, ಚುರುಕಿನದು; ಅದರ ಕೆಳಗೆ ಬೇಸ್‌ಗೆ ಬೇಕಾದಷ್ಟು ಅಂಗಳವಿದೆ. ಢೋಲಕಿಯ ಎಡಮುಖದಲ್ಲಿ ತಗ್ಗಿನ ದನಿ ಇರುವುದರಿಂದ ಅಲ್ಲಿ ಕಡಿಮೆ ನುಡಿಸಬೇಕು. ಜಾನಪದ ಮತ್ತು ಬೇಸ್ ಕೂಡಿ ಬಾಳಬಲ್ಲವೆಂದು ಕರ್ನಾಟಕದ ತಂಡಗಳು ತೋರಿಸಿಕೊಟ್ಟಿವೆ. ರಘು ದೀಕ್ಷಿತ್ ತಂಡ 2008ರಲ್ಲಿ ತನ್ನ ಮೊದಲ ಆಲ್ಬಂ ತಂದು ಶರೀಫರ ಪದವನ್ನು ಹೊಸ ಕಿವಿಗಳಿಗೆ ಮುಟ್ಟಿಸಿದ ಕಾಲದಲ್ಲಿ ಅಲ್ಲಿ ಬೇಸ್ ಹಿಡಿದವರು ಗೌರವ್ ವಾಜ್. ಬೆಂಗಳೂರಿನ ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸಗುಪ್ತ ಬೇಸ್ ನುಡಿಸುತ್ತ ಬಂದರು. ಅವರಿಬ್ಬರ ನುಡಿಸಾಣಿಕೆಯನ್ನು ಹೆಡ್‌ಫೋನ್ ಹಾಕಿಕೊಂಡು, ಬೇರೆಲ್ಲ ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿ. ಎಷ್ಟು ನುಡಿಸಿದ್ದಾರೆ ಎಂಬುದರಷ್ಟೇ ಎಲ್ಲಿ ಸುಮ್ಮನಿದ್ದಾರೆ ಎಂಬುದೂ ಪಾಠ.

ತಪ್ಪು ಕಲ್ಪನೆ: “ಬೆರಳಿಂದಲೇ ನುಡಿಸಬೇಕು, ಪ್ಲೆಕ್ಟ್ರಮ್ ಹಿಡಿದವನು ಬೇಸ್‌ನವನಲ್ಲ”

ಅಮೆರಿಕದ ಸ್ಟುಡಿಯೊಗಳಲ್ಲಿ 1960ರ ದಶಕದಿಂದ ಅಸಂಖ್ಯ ಹಾಡುಗಳಿಗೆ ಬೇಸ್ ನುಡಿಸಿದ ಕ್ಯಾರಲ್ ಕೇ ಪ್ಲೆಕ್ಟ್ರಮ್ ಹಿಡಿದೇ ನುಡಿಸಿದರು. ಅದೇ ಕಾಲದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಿಂದ ನುಡಿಸಿದರು. ಇಬ್ಬರಿಗೂ ಜಗತ್ತು ತಲೆಬಾಗಿದೆ.

ತಪ್ಪು ಕಲ್ಪನೆ: “ದೊಡ್ಡ ಕೈ ಬೇಕು, ಹುಡುಗಿಯರಿಗೆ ಆಗದು”

ಕ್ಯಾರಲ್ ಕೇ ಅವರ ಹೆಸರನ್ನು ಈಗಷ್ಟೇ ಹೇಳಿದೆ. ನಮ್ಮ ಕಾಲಕ್ಕೆ, ನಮ್ಮ ರಾಜ್ಯದಲ್ಲೇ ಬೆಳೆದ ಮುಂಬೈಯ ಮೋಹಿನಿ ಡೇ ಇದ್ದಾರೆ. 1996ರಲ್ಲಿ ಹುಟ್ಟಿದವರು, ಎ. ಆರ್. ರೆಹಮಾನ್ ಅವರ ಜೊತೆ ಜಗತ್ತಿನ ವೇದಿಕೆಗಳಲ್ಲಿ ನುಡಿಸಿದವರು. ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಇಂಚು. ಅದು ದೂರವೆನಿಸುವವರಿಗೆ 30 ಇಂಚಿನ ಗಿಡ್ಡ ಬೇಸ್ ಸಿಗುತ್ತದೆ; ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೈಯಲ್ಲಿ ಹೆಸರಾದ ಹಾಫ್ನರ್ ಅಂಥದ್ದೇ. ಕೆಳಗಿನ ಫ್ರೆಟ್‌ಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಈ ಮೂರನ್ನೇ ಬಳಸುವ ಡಬಲ್ ಬೇಸ್‌ನ ಹಳೆಯ ಕ್ರಮ ಕಲಿತರೆ ಚಿಕ್ಕ ಕೈಗೂ ನೋವಾಗುವುದಿಲ್ಲ. ಹಳ್ಳಿಯ ಕಾರ್ಯಕ್ರಮಗಳಲ್ಲಿ ಹೆಣ್ಣುಮಕ್ಕಳು ಮೈಕಿನ ಮುಂದಷ್ಟೇ ಇದ್ದಾರೆ. ವಾದ್ಯಗಳ ಸಾಲಿಗೂ ಅವರು ಬರಬೇಕೆಂಬುದು ನನ್ನ ಗಟ್ಟಿಯಾದ ಆಸೆ.

ತಪ್ಪು ಕಲ್ಪನೆ: “ದುಬಾರಿ ಗಿಟಾರ್ ಕೊಂಡರೆ ಸೌಂಡ್ ತಾನೇ ಬರುತ್ತದೆ”

ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರೆಸಿಷನ್ ಬೇಸ್ ಸೌದೆಯ ಹಲಗೆಯಷ್ಟು ಸರಳ. ಜೇಮರ್ಸನ್ ತಮ್ಮ ಅಂಥದೊಂದು ಬೇಸ್‌ಗೆ ನುಣುಪು ತಂತಿ ಹಾಕಿ, ಅದನ್ನು ಬದಲಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಇಂದು ಯಮಾಹಾ, ಐಬನೇಜ್, ಕಾರ್ಟ್, ಸ್ಕ್ವೈರ್ ಕಂಪನಿಗಳ ಆರಂಭಿಕ ಮಾದರಿಗಳು ಆರ್ಕೆಸ್ಟ್ರಾ ಕೆಲಸಕ್ಕೆ ಧಾರಾಳ ಸಾಕು. ನೋಡಬೇಕಾದ್ದು ಇಷ್ಟು: ಕುತ್ತಿಗೆ ತಿರುಚಿಲ್ಲವೇ, ತಂತಿ ಬಿಗಿಯುವ ಕಿವಿಗಳು ಶ್ರುತಿ ಹಿಡಿದು ನಿಲ್ಲುತ್ತವೆಯೇ, ನಾಲ್ಕೂ ತಂತಿ ಒಂದೇ ಜೋರಿನಲ್ಲಿ ಕೇಳುತ್ತವೆಯೇ, ವೈರ್ ಚುಚ್ಚುವ ಜಾಗ ಕರಕರ ಎನ್ನುವುದಿಲ್ಲವೇ, ಹನ್ನೆರಡನೆಯ ಫ್ರೆಟ್‌ನ ಸ್ವರ ಬಿಡಿ ತಂತಿಯ ಸ್ವರಕ್ಕೆ ಸರಿಯಾಗಿ ಒಂದು ಸಪ್ತಕ ಮೇಲಿದೆಯೇ. ಭುಜಕ್ಕೆ ಹಾಕಿಕೊಂಡು ಅಂಗಡಿಯಲ್ಲೇ ಅರ್ಧ ಗಂಟೆ ನಿಲ್ಲಿ. ನಾಲ್ಕು ಕಿಲೊ ತೂಕ ಮೂರು ತಾಸಿನ ಕಾರ್ಯಕ್ರಮದಲ್ಲಿ ಏನಾಗುತ್ತದೆಂದು ಬೆನ್ನೇ ಹೇಳುತ್ತದೆ. ಭುಜದ ಪಟ್ಟಿ ಅಗಲವಾಗಿರಲಿ.

ಉಳಿದ ಹಣ ಸೆಟಪ್‌ಗೆ ಹೋಗಲಿ. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುವ ಒಣ ಬೇಸಿಗೆ. ಮುಚ್ಚಿದ ಟೆಂಪೊದಲ್ಲಿ ಮಧ್ಯಾಹ್ನವಿಡೀ ಬೆಂದ ಕುತ್ತಿಗೆಯ ಮರ ಬಾಗುತ್ತದೆ, ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಸಂಕ್ರಾಂತಿ ರಾತ್ರಿಯ ತೆರೆದ ವೇದಿಕೆಯಲ್ಲಿ ಇದಕ್ಕೆ ತಿರುಗುಮುರುಗು: ಚಳಿಗೆ ತಂತಿ ಕುಗ್ಗಿ ಶ್ರುತಿ ಏರುತ್ತದೆ. ವಾದ್ಯವನ್ನು ವೇದಿಕೆಯ ಗಾಳಿಗೆ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಶ್ರುತಿ ಮಾಡಬೇಕು. ಕುತ್ತಿಗೆಯೊಳಗಿನ ಟ್ರಸ್ ರಾಡನ್ನು ಋತು ಬದಲಾದಾಗ ಕಾಲು ಸುತ್ತು, ಅದಕ್ಕಿಂತ ಹೆಚ್ಚಲ್ಲ, ತಿರುಗಿಸಿ ಒಂದು ದಿನ ಕಾಯಬೇಕು. ಗೊತ್ತಿಲ್ಲದವರು ಗೊತ್ತಿದ್ದವರ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ ಕಲಿಯಲಿ.

ತಪ್ಪು ಕಲ್ಪನೆ: “ವ್ಯಾಟ್ ಹೆಚ್ಚಿದ್ದಷ್ಟೂ ಆಂಪ್ ಒಳ್ಳೆಯದು”

ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ. ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರಿನ ಸಂವೇದನೆ ಇದಕ್ಕಿಂತ ಮುಖ್ಯ. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೂ, 90 ಡೆಸಿಬೆಲ್ ಸ್ಪೀಕರಿಗೆ 500 ವ್ಯಾಟ್ ಕೊಟ್ಟರೂ ಸದ್ದು ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲಿ ವ್ಯಾಟ್ ಕೇಳುವವರು ಈ ಸಂಖ್ಯೆಯನ್ನೂ ಕೇಳಬೇಕು.

ಲೀಡ್ ಗಿಟಾರಿನ ಆಂಪ್‌ಗೆ ಬೇಸ್ ಚುಚ್ಚಿ ಜೋರು ಮಾಡಬೇಡಿ. ಆ ಸ್ಪೀಕರಿನ ಕಾಗದದ ಶಂಕು ಅಷ್ಟು ದೂರ ಹಿಂದೆ ಮುಂದೆ ಚಲಿಸಲು ಮಾಡಿದ್ದಲ್ಲ, ಹರಿಯುತ್ತದೆ. ಕೀಬೋರ್ಡ್ ಆಂಪ್ ಆದರೆ ತಾಲೀಮಿಗೆ ಅಡ್ಡಿಯಿಲ್ಲ. ಓಮ್ ಲೆಕ್ಕವೂ ಗೊತ್ತಿರಲಿ: 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಕೂಡಿಸಿದರೆ ಆಂಪ್ ಕಾಣುವುದು 4 ಓಮ್. ಮೂರನೆಯದನ್ನೂ ಸೇರಿಸಿದರೆ ಮೂರಕ್ಕಿಂತ ಕೆಳಗೆ. ಕನಿಷ್ಠ 4 ಓಮ್ ಎಂದು ಹಿಂದೆ ಬರೆದಿರುವ ಆಂಪ್‌ಗೆ ಅದು ಅಪಾಯ.

1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ದೊಡ್ಡ ಮೈದಾನಗಳಿಗೆಂದೇ ಹುಟ್ಟಿದ 300 ವ್ಯಾಟ್‌ನ ಟ್ಯೂಬ್ ಆಂಪ್. ಅದರ ಎಂಟು ಸ್ಪೀಕರಿನ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕು. ಅದರ ಚಿತ್ರ ನೋಡಿ ಮನಸೋಲುವುದು ಸಹಜ. ಕರಜಗಿಯ ಜಾತ್ರೆಗೆ ಹೋಗುವ ಟೆಂಪೊದಲ್ಲಿ ಢೋಲಕಿ, ಕೀಬೋರ್ಡ್ ಸ್ಟ್ಯಾಂಡ್, ಆರು ಜನ, ಬಟ್ಟೆಯ ಚೀಲ ಎಲ್ಲ ತುಂಬಿದ ಮೇಲೆ ಉಳಿಯುವ ಜಾಗವನ್ನು ಮೊದಲು ಅಳೆಯಿರಿ. ಈಗಿನ ಡಿ ವರ್ಗದ ಆಂಪ್‌ಗಳು ಎರಡು ಮೂರು ಕಿಲೊ ತೂಗುತ್ತವೆ, ಗಿಟಾರಿನ ಚೀಲದಲ್ಲೇ ಕೂರುತ್ತವೆ. ಅದರೊಡನೆ 12 ಇಂಚಿನ ಒಂದು ಸ್ಪೀಕರ್ ನಿಮಗೂ ಢೋಲಕಿಯವನಿಗೂ ಕೇಳುವಷ್ಟಾದರೆ ಸಾಕು. ಜನರಿಗೆ ಕೇಳಿಸುವುದು ಮೈಕ್‌ನವನ ಸ್ಪೀಕರಿನ ಕೆಲಸ.

ಜಾಗದ ಗುಣವನ್ನೂ ಅರಿಯಬೇಕು. ಸೊಲ್ಲಾಪುರದ ಹೋಮ ಮೈದಾನದಂಥ ಬಯಲಿನಲ್ಲಿ ಸದ್ದನ್ನು ತಿರುಗಿಸಿ ಕೊಡುವ ಗೋಡೆಯಿಲ್ಲ. ದೂರ ಎರಡು ಪಟ್ಟಾದಂತೆ 6 ಡೆಸಿಬೆಲ್ ಕರಗುತ್ತದೆ. ತಗಡಿನ ಮಾಡಿನ ಮಂಗಲ ಕಾರ್ಯಾಲಯದಲ್ಲಿ ಅದೇ ಬೇಸ್ ಮೂಲೆಮೂಲೆಯಲ್ಲಿ ಗುಡುಗುತ್ತದೆ. ಟೊಳ್ಳು ಹಲಗೆಯ ವೇದಿಕೆಯಾದರೆ ಹಲಗೆಯೇ ಇನ್ನೊಂದು ವಾದ್ಯ. ಸ್ಪೀಕರನ್ನು ನೇರ ಹಲಗೆಯ ಮೇಲಿಡದೆ ಕುರ್ಚಿಯ ಮೇಲೆ ಎತ್ತಿಡಿ. ಮೂಲೆಯಿಂದ ದೂರವಿಡಿ. ಬೇಸ್ ಕೇಳಿಸುತ್ತಿಲ್ಲವೆಂದು ಬೇಸ್ ಗುಂಡಿಯನ್ನೇ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಸ್ವರ ಸ್ಪಷ್ಟವಾಗುವುದು ನಡುವಿನ ಕಂಪನಗಳಲ್ಲಿ, 700–800 ಹರ್ಟ್ಸ್‌ನ ಸುತ್ತ. ಮಿಡ್ ಗುಂಡಿಯನ್ನು ತುಸು ಏರಿಸಿ, ಬೇಸ್ ಗುಂಡಿಯನ್ನು ತುಸು ಇಳಿಸಿ ನೋಡಿ.

ತಪ್ಪು ಕಲ್ಪನೆ: “ನೇರ ಮಿಕ್ಸರ್‌ಗೆ ಹಾಕು, ನಡೀತದ”

ನಡೆಯುತ್ತದೆ, ಆದರೆ ಮಂಕಾಗಿ. ಬ್ಯಾಟರಿಯಿಲ್ಲದ ಪ್ಯಾಸಿವ್ ಬೇಸ್‌ನಿಂದ ಬರುವ ಸಂಕೇತ ಬಹಳ ನಾಜೂಕು. ಮಿಕ್ಸರಿನ ಲೈನ್ ಇನ್‌ಪುಟ್ ಅದನ್ನು ಹೀರಿ ಮೇಲಿನ ಸ್ವರಗಳನ್ನು ಕೊಲ್ಲುತ್ತದೆ. ಉದ್ದನೆಯ ಗಿಟಾರ್ ವೈರ್ ಉಳಿದದ್ದನ್ನು ಕೊಲ್ಲುತ್ತದೆ, ಜೊತೆಗೆ ಲೈಟಿಂಗಿನ ಗುಂಯ್ ಸದ್ದನ್ನೂ ಎಳೆದು ತರುತ್ತದೆ. ನಡುವೆ ಡಿಐ ಬಾಕ್ಸ್ ಎಂಬ ಅಂಗೈಯಗಲದ ಡಬ್ಬಿಯೊಂದಿದ್ದರೆ ಈ ಮೂರೂ ತೊಂದರೆ ತಪ್ಪುತ್ತವೆ. ಗಿಟಾರಿನಿಂದ ಡಬ್ಬಿಗೆ ಗಿಡ್ಡ ವೈರ್, ಡಬ್ಬಿಯಿಂದ ಮಿಕ್ಸರಿಗೆ ಮೈಕಿನ ಉದ್ದ ವೈರ್. ಮೈಕ್‌ನವನ ಬಳಿ ಇರುತ್ತದೆಂದು ನಂಬಿ ಹೋಗಬೇಡಿ. ಆಂಪ್‌ಗಿಂತ ಮೊದಲು ಕೊಳ್ಳಬೇಕಾದ ವಸ್ತು ಇದು. ಜೊತೆಗೆ ಒಂದು ಹೆಚ್ಚಿನ ವೈರ್, ಆಕ್ಟಿವ್ ಬೇಸ್ ಆದರೆ ಒಂದು 9 ವೋಲ್ಟ್ ಬ್ಯಾಟರಿ.

ತಪ್ಪು ಕಲ್ಪನೆ: “ತಂತಿ ಮುಟ್ಟಿದರೆ ಝುಮ್ ಅನ್ನೋದು ಇದ್ದದ್ದೇ”

ಇದ್ದದ್ದೇ ಅಲ್ಲ. ಅದು ಸಾವಿನ ಸೂಚನೆ. ಬೇಸ್‌ನ ತಂತಿ ಲೋಹದ್ದು, ವೈರಿನ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿದ್ದು. ಮೈಕಿನ ಜಾಳಿಗೆ ಮಿಕ್ಸರಿನ ಅರ್ಥಿಂಗ್‌ಗೆ ಸೇರಿದ್ದು. ಆಂಪ್ ಒಂದು ಕಡೆಯ ಬೋರ್ಡಿನಿಂದ, ಮಿಕ್ಸರ್ ಇನ್ನೊಂದು ಕಡೆಯ ಜನರೇಟರಿನಿಂದ ಕರೆಂಟ್ ತೆಗೆದುಕೊಂಡಿದ್ದು, ಒಂದರಲ್ಲಿ ಅರ್ಥಿಂಗ್ ಕೆಟ್ಟಿದ್ದರೆ, ತಂತಿ ಹಿಡಿದ ಕೈಯಿಂದ ಮೈಕಿಗೆ ತಾಗಿದ ತುಟಿಗೆ ಕರೆಂಟ್ ನಿಮ್ಮ ಮೈಯೊಳಗೇ ಹರಿಯುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಹೀಗೆಯೇ ವೇದಿಕೆಯ ಮೇಲೆ ಮೈಕ್ ಮುಟ್ಟಿ ತೀರಿಕೊಂಡರು.

ವೇದಿಕೆಯ ಎಲ್ಲ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ಕರೆಂಟ್ ಇರಲಿ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಯಾರು ಹೇಳಿದರೂ ಮುರಿಯಬೇಡಿ. ಗುಂಯ್ ಸದ್ದು ಹೋಗಲೆಂದು ಅದನ್ನು ಕಿತ್ತವರು ತಮ್ಮ ಕಾವಲನ್ನೇ ಕಿತ್ತುಕೊಂಡಂತೆ. 30 ಮಿಲಿ ಆಂಪಿಯರ್‌ಗೆ ಬೀಳುವ ಇಎಲ್‌ಸಿಬಿ ಇರುವ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತಂಡದ್ದೇ ಆಗಿರಲಿ. ಹಾಡು ಶುರುವಾಗುವ ಮುಂಚೆ ಟೆಸ್ಟರನ್ನು ತಂತಿಗೂ ಮೈಕಿಗೂ ಹಿಡಿದು ನೋಡಿ. ಅದು ಉರಿದರೆ ಎಷ್ಟೇ ದೊಡ್ಡವರು ಮುಂದಿನ ಸಾಲಿನಲ್ಲಿ ಕೂತಿದ್ದರೂ ನುಡಿಸಬೇಡಿ.

ತಪ್ಪು ಕಲ್ಪನೆ: “ಸದ್ದಿಗೆ ಕಿವಿ ಪಳಗುತ್ತದೆ”

ಪಳಗುವುದಿಲ್ಲ, ಸಾಯುತ್ತದೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ತಾಸು ಕಿವಿ ತಡೆದೀತು ಎಂಬುದು ವೃತ್ತಿ ಆರೋಗ್ಯದವರು ಬಳಸುವ ಒಂದು ಅಳತೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಕಾಲು ತಾಸು. ಡಾಲ್ಬಿಯ ಪಕ್ಕ ಮೂರು ತಾಸು ನಿಲ್ಲುವ ಹುಡುಗನ ಲೆಕ್ಕವನ್ನು ನೀವೇ ಹಾಕಿ. ಒಮ್ಮೆ ಹೋದ ಒಳಗಿವಿಯ ಕೂದಲ ಕೋಶಗಳು ಮತ್ತೆ ಬರುವುದಿಲ್ಲ, ಮೊದಲು ಹೋಗುವುದು ಮೇಲಿನ ಸ್ವರಗಳು. ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ಬೇಡವೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಸರಕಾರ ಹನ್ನೆರಡರ ತನಕ ಸಡಿಲಿಸಬಹುದು. ಸುಪಾರಿ ಹಿಡಿಯುವಾಗಲೇ ಆರಂಭದ ಹೊತ್ತನ್ನು ಏಳಕ್ಕೆ ಗೊತ್ತುಮಾಡಿಕೊಂಡರೆ ತಂಡಕ್ಕೂ ಊರಿಗೂ ಅನುಕೂಲ. ಸ್ವರ ಕೆಡಿಸದೆ ಸದ್ದನ್ನಷ್ಟೇ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಕಿವಿಬೆಣೆ ಸಿಗುತ್ತದೆ. ಒಂದು ಸೆಟ್ ತಂತಿಗಿಂತ ಕಡಿಮೆ ಬೆಲೆಗೂ ಸಿಗುವುದುಂಟು. ಗಿಟಾರಿನ ಜೊತೆಗೇ ಕೊಂಡು, ತಾಲೀಮಿನ ಮೊದಲ ದಿನದಿಂದಲೇ ಹಾಕಿಕೊಳ್ಳಿ.